ಒಗೆಯದ ಅಂಗಿ

ಹುಡುಕಿ ಹುಡುಕಿ ಸಾಕಾದರೂ ಆ ಮನೆಯಲ್ಲಿ ಅತ್ತೆಗೆ ಕಾಣೆಯಾದ ಮಗನ ಒಂದೇ ಒಂದು ಕೊಳೆ ಬಟ್ಟೆ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಲಾಂಡ್ರಿಯವರ ಮನೆ ಅದು. ಕೆಳಗೆ ಬೀದಿಗೆ ಮುಖ ಮಾಡಿದ ಅಂಗಡಿ, ಅದರ ಹಿಂದೆ ಒಗೆಯುವ ಯಂತ್ರಗಳು, ಮೇಲೆ ಮೂರು ಕೋಣೆಯ ಸಂಸಾರ. ಗಿರಾಕಿಗಳ ಬಟ್ಟೆ ಒಂದು ದಿನ ತಡವಾದರೂ ಆದೀತು, ಮನೆಯವರು ಬಿಚ್ಚಿ ಹಾಕಿದ್ದು ಮಾತ್ರ ಆ ಹೊತ್ತಿಗೇ ನೀರಿಗೆ ಬೀಳಬೇಕು. ಇದು ಅತ್ತೆಯೇ ಮಾಡಿದ ಕಾನೂನು. "ಲಾಂಡ್ರಿಯವರೇ ಕೊಳೆ ಅಂಗಿ ಹಾಕ್ಕೊಂಡು ಕೂತ್ರೆ ಯಾರು ಬಟ್ಟೆ ಕೊಡ್ತಾರೆ?" ಎಂದು, ಮದುವೆಯಾಗಿ ಬಂದ ಹೊಸದರಲ್ಲೇ ಸೊಸೆಗೆ ಪಾಠ ಹೇಳಿದ್ದರು. ಈಗ ಆ ಪಾಠ ಅವರಿಗೇ ಮರೆತುಹೋಗಿತ್ತು.

"ಅವನು ಮನೆ ಬಿಟ್ಟ ಮಾರನೇ ಬೆಳಿಗ್ಗೆಯೇ ಎಲ್ಲ ಒಗೆದು ಹಾಕಿದ್ದೀಯಲ್ಲ, ಅದೇನು ಅಷ್ಟು ಅವಸರ ನಿನಗೆ?"

"ಮನೆ ಬಿಟ್ರು ಅಂತ ಯಾರಿಗೆ ಗೊತ್ತಿತ್ತು ಅತ್ತೆ? ಬಂದ ತಕ್ಷಣ ಹಾಕ್ಕೊಳ್ಳೋಕೆ ಒಗೆದಿದ್ದು ಬೇಕಲ್ಲ ಅಂತ ಒಗೆದೆ."

"ಮೈ ಸೋಕಿದ ಬಟ್ಟೆ ಬೇಕಂತೆ. ಬೆವರು ಇರೋದು. ಈಗ ಎಲ್ಲಿಂದ ತರಲಿ? ಸೋಪಿನ ಪುಡಿ ವಾಸನೆ ತಗೊಂಡು ಹೋಗ್ಲಾ?"

"ಯಾರಿಗೆ ಬೇಕಂತೆ?"

ಅತ್ತೆ ಮತ್ತೆ ಬುಟ್ಟಿಗೆ ಕೈ ಹಾಕಿದರು. ಇಸ್ತ್ರಿ ಮೇಜಿನ ಹತ್ತಿರದಿಂದ ಮಾವನೇ ಹೇಳಿದರು. "ಕನ್ನಡಕದ ಅಂಗಡಿ ಮೇಲೆ ಒಬ್ಬಳಿದ್ದಾಳಲ್ಲಮ್ಮ, ಅವಳಿಗೆ."

ಬೀದಿಯವರು ಅವಳನ್ನು ಒಳಗಣ್ಣಿನಮ್ಮ ಅನ್ನುತ್ತಿದ್ದರು. ಕಾಣೆಯಾದವರ ಬಟ್ಟೆ ಹಿಡಿದು ಕಣ್ಣು ಮುಚ್ಚಿದರೆ ಅವರು ಎಲ್ಲಿದ್ದಾರೆ, ಹೇಗಿದ್ದಾರೆ ಅನ್ನುವುದು ಅವಳಿಗೆ ಕಾಣುತ್ತದಂತೆ. ಕಣ್ಣು ಮಂಜಾದವರು ಕೆಳಗಿನ ಅಂಗಡಿಯಲ್ಲಿ ನಿಲ್ಲುವರು, ಮನೆಯವರನ್ನು ಕಳೆದುಕೊಂಡವರು ಮೇಲಕ್ಕೆ ಹತ್ತುವರು. ಒಳಗೆ ಬರುವ ಬಾಗಿಲು ಮಾತ್ರ ಒಂದೇ.

ಸೊಸೆಯ ಗಂಡ ಹೋಟೆಲಿನ ಚಾದರಗಳನ್ನು ವ್ಯಾನಿಗೆ ತುಂಬಿಕೊಂಡು ಹೋದವನು ಹಿಂದಿರುಗಿರಲಿಲ್ಲ. ಚಾದರಗಳು ಹೋಟೆಲು ಮುಟ್ಟಿದ್ದವು. ವ್ಯಾನು ಮಾತ್ರ ಊರಾಚೆ, ಮುಚ್ಚಿಹೋದ ಇಟ್ಟಿಗೆ ಭಟ್ಟಿಯ ಪಕ್ಕ, ಖಾಲಿ ಬುಟ್ಟಿಗಳ ಸಮೇತ ಸಿಕ್ಕಿತು. ಕೀ ಅದರಲ್ಲೇ ಇತ್ತು. ಜಗಳವಿಲ್ಲ, ಸಾಲಗಾರರಿಲ್ಲ, ಕುಡಿತವಿಲ್ಲ. ಆ ದಿನ ಬೆಳಿಗ್ಗೆ ಮೊಟ್ಟೆಗೆ ಉಪ್ಪು ಜಾಸ್ತಿಯಾಯಿತು ಎಂದು ಗೊಣಗಿದ್ದ, ಅಷ್ಟೇ. ಆ ಉಪ್ಪನ್ನು ನೆನೆದು ಸೊಸೆ ಎಷ್ಟು ಸಲ ಅತ್ತಳೋ.

ಭಟ್ಟಿಯ ಹಿಂದೆ ಮಣ್ಣು ತೆಗೆದ ದೊಡ್ಡ ದೊಡ್ಡ ಗುಂಡಿಗಳಿದ್ದವು, ಹಸಿರುಗಟ್ಟಿದ ನೀರು ತುಂಬಿಕೊಂಡು. ಠಾಣೆಯ ಇನ್ಸ್‌ಪೆಕ್ಟರು ದಂಡೆಯ ಮೇಲೆ ನಿಂತು, "ಮುಳುಗು ಹಾಕೋರು ಇಳಿಯಲ್ಲ ಅಂತಾರೆ, ತಳದಲ್ಲಿ ಬರೀ ಕೆಸರು. ಪಂಪು ಇಟ್ಟು ಖಾಲಿ ಮಾಡಿಸಬೇಕು. ಬರೆದು ಕೇಳಿದ್ದೀನಿ, ಮಳೆಗಾಲಕ್ಕೆ ಮುಂಚೆ ಕಳಿಸ್ತಾರೆ" ಎಂದಿದ್ದರು. ಅಂದಿನಿಂದ ಸೊಸೆ ಆ ಪಂಪಿಗೆ ಕಾಯುತ್ತಿದ್ದಳು. ಬರಲಿ ಅನ್ನಿಸುತ್ತಿತ್ತು, ಬಾರದಿರಲಿ ಅಂತಲೂ ಅನ್ನಿಸುತ್ತಿತ್ತು. ಆದರೂ ಬರಲಿ ಅನ್ನುವುದೇ ಹೆಚ್ಚು. ಏನೂ ಗೊತ್ತಿಲ್ಲದೆ ಹೀಗೆ ಬದುಕುವುದು ಅವಳ ಕೈಲಿ ಆಗುತ್ತಿರಲಿಲ್ಲ.

ಅತ್ತೆ ಊಟ ಬಿಟ್ಟಿದ್ದರು. ತಟ್ಟೆಯ ಮುಂದೆ ಕೂರುವರು, ಅನ್ನದಲ್ಲಿ ಬೆರಳಾಡಿಸುವರು, ಏಳುವರು. ಮೈಮೇಲಿನ ಕುಪ್ಪಸ ತೋಳಿನಿಂದ ಜಾರುವಷ್ಟು ಸಡಿಲವಾಗಿತ್ತು. ಮಾವ ಗದರಿದರು, ಮೊಮ್ಮಗಳು ಗುಬ್ಬಿ ಹಟ ಹಿಡಿದಳು, ಯಾವುದೂ ನಡೆಯಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಬಟ್ಟೆ ಒಣಗಿಸುವ ಯಂತ್ರದ ಹಿಂದೆ ಪೊರಕೆ ಆಡಿಸುತ್ತಿದ್ದ ಅತ್ತೆ ಕಿಟಾರನೆ ಕೂಗಿಕೊಂಡರು. ಸೊಸೆ ಕೆಳಗೆ ಓಡಿಬರುವಷ್ಟರಲ್ಲಿ ಅವರು ಏನನ್ನೋ ಸೆರಗಿನಲ್ಲಿ ಸುತ್ತಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಇಳಿದಾಗಿತ್ತು.

ಮಧ್ಯಾಹ್ನ ವಾಪಸು ಬಂದ ಅತ್ತೆ ಬೇರೆಯೇ ಮನುಷ್ಯ.

"ಬಡಿಸೇ. ಹೊಟ್ಟೆ ಹಸೀತಿದೆ" ಎಂದರು.

ಸೊಸೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಅತ್ತೆ ತುತ್ತು ನುಂಗುತ್ತಲೇ ಹೇಳುತ್ತಾ ಹೋದರು. "ಬದುಕಿದ್ದಾನೆ ಕಣೇ. ಅಂಗಿ ಕೈಗೆ ತಗೊಂಡ ತಕ್ಷಣ ಅವಳ ಕಣ್ಣಲ್ಲಿ ನೀರು. 'ಉಸಿರಾಡ್ತಿದ್ದಾನೆ ಅಮ್ಮಾ, ಬಿಸಿಬಿಸಿ ಉಸಿರು ಕಾಣ್ತಿದೆ' ಅಂದಳು. ನೀರಿನ ಹತ್ತಿರ ಇದ್ದಾನಂತೆ. ಹಳದಿ ಗೋಡೆ ಅಂತೆ."

"ಯಾವ ಅಂಗಿ ಅತ್ತೆ?"

"ಅವನದೇ, ನೀಲಿ ಚೌಕಳಿದು. ಯಂತ್ರದ ಹಿಂದೆ ಬಿದ್ದಿತ್ತು. ಪುಣ್ಯ, ನಿನ್ನ ಕೈಗೆ ಸಿಕ್ಕಿರಲಿಲ್ಲ."

ನೀಲಿ ಚೌಕಳಿ ಅಂಗಿ ಅವನಿಗೆ ಇತ್ತು, ನಿಜ. ಅಂಥವರ ಮಾತನ್ನು ನಂಬುವವಳಲ್ಲ ಸೊಸೆ, ಆದರೂ 'ಬಿಸಿ ಉಸಿರು' ಅನ್ನುವ ಮಾತು ಕಿವಿಯಿಂದ ಇಳಿಯಲೇ ಇಲ್ಲ. ಮಾವ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇನ್ನೊಂದು ಸ್ವಲ್ಪ ಸಾರು ಹಾಕಮ್ಮ ಅವಳಿಗೆ" ಎಂದಷ್ಟೇ ಅಂದರು.

ಮನೆಗೆ ಜೀವ ಬಂತು. ಅತ್ತೆ ಮತ್ತೆ ಅಡುಗೆಮನೆ ಹೊಕ್ಕರು, ಗುಬ್ಬಿಯ ತಲೆ ಬಾಚಿದರು, ತರಕಾರಿಯವನ ಜೊತೆ ಜಗಳಕ್ಕೆ ನಿಂತರು. ವಾರಕ್ಕೊಮ್ಮೆ ಅಂಗಿ ಹಿಡಿದು ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತುವರು. ಒಳಗಣ್ಣಿನಮ್ಮ ಹಣ ಮುಟ್ಟುವವಳಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಅವಳ ಮನೆಯ ನೇರಳೆ ಪರದೆಗಳು, ಮೇಜಿನ ಹಾಸು, ದಿಂಬಿನ ಚೀಲಗಳು, ಅವಳ ಮಗನ ಪ್ಯಾಂಟುಗಳು ಎಲ್ಲ ಈಗ ಇವರ ಯಂತ್ರಕ್ಕೇ ಬರುತ್ತಿದ್ದವು. ಒಗೆಯುತ್ತಿದ್ದವಳು ಸೊಸೆ.

"ಮೇಲಿನ ಲೋಕ ನೋಡೋರ ಪರದೆ ಅಂದ್ರೆ ಇಷ್ಟು ಧೂಳಾ ಮಾವ?"

"ಕಣ್ಣು ಮುಚ್ಚಿಕೊಂಡೇ ಇರೋರಿಗೆ ಧೂಳು ಹೇಗೆ ಕಾಣುತ್ತಮ್ಮ" ಎಂದು ಮಾವ ನಕ್ಕರು. ಮಗ ಕಾಣೆಯಾದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು, ಅರ್ಧಕ್ಕೇ ನಿಂತಿತು.

ದಿನ ಕಳೆದಂತೆ ಒಳಗಣ್ಣಿನಮ್ಮನ ನೋಟ ಬೆಳೆಯಿತು. ನೀರು ಸಮುದ್ರವಾಯಿತು. ಹಳದಿ ಗೋಡೆಯ ಪಕ್ಕ ನಾಯಿ ಬೊಗಳಿತು. ಕೊನೆಗೆ ಒಂದು ದಿನ ಅತ್ತೆ ಸೊಸೆಯ ಮುಖ ನೋಡದೆ, "ಜೊತೆಗೆ ಒಬ್ಬಳು ಹೆಂಗಸಿದ್ದಾಳಂತೆ. ಅಡುಗೆ ಮಾಡಿ ಹಾಕ್ತಾಳಂತೆ" ಎಂದರು.

ಸೊಸೆ ಒದ್ದೆ ಚಾದರವನ್ನು ಬುಟ್ಟಿಗೆ ಎಸೆದಳು. "ಬರೋ ಸಲ ನಾನೂ ಬರ್ತೀನಿ ಅತ್ತೆ. ಆ ಹೆಂಗಸು ಹೇಗಿದ್ದಾಳೆ ಅಂತ ನಾನೇ ಕೇಳ್ತೀನಿ."

"ಕೋಪ ಮಾಡ್ಕೋಬೇಡ. ಬದುಕಿದ್ದಾನಲ್ಲ, ಅಷ್ಟು ಸಾಲದಾ?"

ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಸೊಸೆ ತಾನೇ ಒಗೆದ ಪರದೆಯ ಕೆಳಗೆ ಕೂತಳು. ಒಳಗಣ್ಣಿನಮ್ಮ ಅಂದರೆ ಅವಳು ಏನೋ ಅಂದುಕೊಂಡಿದ್ದಳು. ನೋಡಿದರೆ ಕಾಲು ಊದಿದ, ಏದುಸಿರು ಬಿಡುವ, ಒಳ್ಳೆಯ ಮುಖದ ಹೆಂಗಸು. ಇಬ್ಬರಿಗೂ ಚಹಾ ಕೊಟ್ಟಳು. ಅಂಗಿಯನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ನಗ್ತಿದ್ದಾನೆ. ಮೈ ಸ್ವಲ್ಪ ಇಳಿದಿದೆ. ಊಟ ಮಾಡಿ ಕೈ ತೊಳೀತಿದ್ದಾನೆ..."

ಅಂಗಿಯ ಕಾಲರು ಮಡಚಿಕೊಂಡು ಸೊಸೆಯ ಕಡೆಗೇ ತಿರುಗಿತ್ತು. ಅದರ ಒಳಬದಿಯಲ್ಲಿ ಒಂದು ನೂಲಿನ ಗಂಟು. ಕೆಂಪು, ಕಪ್ಪು ಹೊಸೆದ ಗಂಟು.

ಗಿರಾಕಿಗಳ ಬಟ್ಟೆ ಅದಲುಬದಲಾಗದಿರಲಿ ಎಂದು ಕಾಲರಿನೊಳಗೆ ಬಣ್ಣದ ನೂಲಿನಿಂದ ಗುರುತು ಹಾಕುವುದು ಆ ಲಾಂಡ್ರಿಯ ರೂಢಿ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬಣ್ಣ. ಮನೆಯವರ ಬಟ್ಟೆಗೆ ಗುರುತಿಲ್ಲ. ಕಣ್ಣಿಗೆ ಪೊರೆ ಬಂದ ಮೇಲೆ ಅತ್ತೆ ಆ ಕೆಲಸ ಬಿಟ್ಟಿದ್ದರು, ಸೊಸೆಯೇ ಮಾಡುತ್ತಿದ್ದಳು. ಕೆಂಪು-ಕಪ್ಪು ಹೊಸೆದ ನೂಲು ಯಾರದೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ನಿವೃತ್ತ ಪೋಸ್ಟ್‌ಮಾಸ್ಟರದು. ಬಟ್ಟೆ ಕೊಟ್ಟು ಹೋದ ವಾರದಲ್ಲೇ ಎದೆನೋವು ಬಂದು ತೀರಿಕೊಂಡವರು. ಉಳಿದ ಬಟ್ಟೆಗಳನ್ನು ಸೊಸೆಯ ಗಂಡನೇ ಅವರ ಹೆಂಡತಿಗೆ ತಲುಪಿಸಿ, ಒಂದು ಅಂಗಿ ಎಲ್ಲೋ ತಪ್ಪಿಹೋಗಿದೆ ಎಂದು ಪೇಚಾಡಿದ್ದ. ಹಾಗೆಂದು ಪೇಚಾಡಿದ ಮೇಲೆ ಕೆಲವೇ ದಿನಗಳಲ್ಲಿ ತಾನೂ ತಪ್ಪಿಹೋಗಿದ್ದ.

ಸತ್ತವರ ಅಂಗಿ ಹಿಡಿದು ಆ ಹೆಂಗಸು, "ಆರೋಗ್ಯವಾಗಿದ್ದಾನೆ ತಾಯಿ" ಎಂದಳು. ಅತ್ತೆ ಕೈಮುಗಿದರು. ಸೊಸೆ ಚಹಾದ ಲೋಟವನ್ನು ಕೆಳಗಿಟ್ಟಳು. ಇಷ್ಟು ದಿನ ನಂಬುವುದಿಲ್ಲ, ನಂಬುವುದಿಲ್ಲ ಎಂದು ಹೇಳಿಕೊಂಡೇ ತಾನೂ ಆ ಬಿಸಿ ಉಸಿರನ್ನು ನಂಬಿಬಿಟ್ಟಿದ್ದೆ ಅನ್ನುವುದು ಅವಳಿಗೆ ಆಗ ಗೊತ್ತಾಯಿತು.

ಮನೆಗೆ ಬಂದವಳೇ ಇಸ್ತ್ರಿ ಮೇಜಿನ ಹತ್ತಿರ ಹೋಗಿ ನಿಂತಳು. "ಮಾವ, ಆ ಅಂಗಿ ಇವರದಲ್ಲ."

"ಗೊತ್ತು."

"ಗೊತ್ತಾ?"

"ಮೊದಲ ದಿನವೇ ನೋಡಿದೆ. ಪೋಸ್ಟ್‌ಮಾಸ್ಟರದು." ಮಾವ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿದರು. "ಅವತ್ತು ಅವಳು ಎರಡು ಸಲ ಬಡಿಸಿಕೊಂಡು ಉಂಡಳು ಕಣಮ್ಮ. ನಾನು ಹೇಗೆ ಬಾಯಿ ಬಿಡಲಿ? ಮಗ ಅಂತೂ ಹೋದ. ಇವಳೂ ಹೋಗಲಿ ಅಂತೀಯಾ?"

"ಮಗ ಹೋದ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?"

ಮಾವ ಬಿಳಿ ಅಂಗಿಯೊಂದರ ತೋಳಿಗೆ ನೀರು ಚಿಮುಕಿಸಿದರು. ನೀರೆಲ್ಲ ನೆಲಕ್ಕೆ ಬಿತ್ತು.

ಆಯಿತು, ಅತ್ತೆಯ ಊಟವಾದರೂ ಉಳಿಯಲಿ ಎಂದು ಸೊಸೆಯೂ ಬಾಯಿಗೆ ಬೀಗ ಹಾಕಿಕೊಂಡಳು. ಪಂಪು ಬರುವವರೆಗೆ ತಾನೇ? ಬಂದರೆ ಎಲ್ಲ ತಾನಾಗಿ ಗೊತ್ತಾಗುತ್ತದೆ.

ಪಂಪು ಬರಲಿಲ್ಲ. ಮೋಡ ಕಟ್ಟತೊಡಗಿದಾಗ ಸೊಸೆ ಠಾಣೆಗೆ ಹೋದಳು.

"ಇನ್ನೇಕಮ್ಮ ಪಂಪು?" ಇನ್ಸ್‌ಪೆಕ್ಟರು ಅವಳನ್ನು ಪಾಪ ಅನ್ನುವಂತೆ ನೋಡಿದರು. "ನಿಮ್ಮ ಅತ್ತೆ ಬಂದು ಹೇಳಿಕೆ ಕೊಟ್ಟು ಹೋದರಲ್ಲ, ಸುದ್ದಿ ಸಿಕ್ಕಿದೆ ಅಂತ. ಸಮುದ್ರದ ಕಡೆ ಯಾವುದೋ ಹೆಂಗಸಿನ ಜೊತೆ ಇದ್ದಾರೆ, ಹುಡುಕೋದು ಬೇಡ ಅಂದ್ರು. ವಯಸ್ಸಿಗೆ ಬಂದ ಗಂಡಸು ತಾನಾಗಿ ಹೋದ್ರೆ ನಾವೇನು ಮಾಡೋಕಾಗುತ್ತೆ? ಪಂಪು ಬೇರೆ ಠಾಣೆಗೆ ಹೋಯ್ತು."

"ಅದು ಸುದ್ದಿ ಅಲ್ಲ ಸಾರ್! ಬಟ್ಟೆ ಹಿಡಿದು ಹೇಳೋಳು ಒಬ್ಬಳು ಹೇಳಿದ್ದು!"

ಇನ್ಸ್‌ಪೆಕ್ಟರ ಮುಖ ಕೆಂಪಾಯಿತು. "ಒಳ್ಳೆ ಕಥೆ! ಯಾರಾದರೂ ಕಾಣೆಯಾದ್ರೆ ಸಾಕು, ಇಂಥೋರು ನಮಗೂ ಫೋನ್ ಮಾಡ್ತಾರೆ. ಎಲ್ಲರೂ ಹೇಳೋದು ಒಂದೇ. ನೀರು ಕಾಣುತ್ತೆ, ಮರ ಕಾಣುತ್ತೆ, ಗೋಡೆ ಕಾಣುತ್ತೆ. ನೀರು ಮರ ಗೋಡೆ ಇಲ್ಲದ ಜಾಗ ಎಲ್ಲಿದೆ ಹೇಳಿ! ಇಷ್ಟು ವರ್ಷದ ನೌಕರಿಯಲ್ಲಿ ಅವರ ಮಾತಿಂದ ಒಬ್ಬರೂ ನನಗೆ ಸಿಕ್ಕಿಲ್ಲ. ಸಿಕ್ಕಿದ ಮೇಲೆ ಮಾತ್ರ, 'ನಾನು ಹೇಳಿರಲಿಲ್ವಾ' ಅಂತಾರೆ." ಸ್ವಲ್ಪ ತಣ್ಣಗಾಗಿ, "ಮತ್ತೆ ಬರೀತೀನಿ. ಮಳೆಗೆ ಮುಂಚೆ ಬರುತ್ತೆ ಅಂತ ಹೇಳಲಾರೆ" ಎಂದರು.

ಸೊಸೆ ಮನೆಗೆ ಬಂದಾಗ ಅತ್ತೆ, ಮಾವ ಊಟಕ್ಕೆ ಕೂತಿದ್ದರು. ಗುಬ್ಬಿ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಅವಳು ನಿಂತಲ್ಲಿಂದಲೇ ಕೇಳಿದಳು. "ಠಾಣೆಗೆ ಯಾಕೆ ಹೋದ್ರಿ ಅತ್ತೆ?"

"ಇರೋ ವಿಷಯ ಹೇಳೋಕೆ."

"ಯಾವ ವಿಷಯ? ಆ ಅಂಗಿ ಇವರದಲ್ಲ! ಸತ್ತುಹೋದ ಪೋಸ್ಟ್‌ಮಾಸ್ಟರದು. ಕಾಲರಲ್ಲಿ ಗುರುತಿದೆ, ನಾನೇ ಹಾಕಿದ್ದು. ಹೋದೋರ ಅಂಗಿ ಹಿಡಿದು ಅವಳು ಉಸಿರಾಡ್ತಿದ್ದಾನೆ ಅಂದಳು, ನೀವು ಕೈಮುಗಿದ್ರಿ!"

"ಸುಮ್ಮನಿರಮ್ಮ" ಎಂದರು ಮಾವ.

"ನೀವು ಸುಮ್ಮನಿದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು ಮಾವ. ನಾನೂ ಸುಮ್ಮನಿದ್ದೆ."

ಅತ್ತೆ ಗಂಡನ ಮುಖ ನೋಡಿದರು. ಅವರು ತಲೆ ತಗ್ಗಿಸಿದ್ದೇ ಉತ್ತರವಾಯಿತು. ಅತ್ತೆಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಆ ಗುಂಡಿ ಖಾಲಿ ಮಾಡಿಸಿದ್ರೆ ಏನು ಸಿಗುತ್ತೆ ಅಂತ ನಿನಗೆ ಗೊತ್ತಿಲ್ವೇನೇ?" ಧ್ವನಿ ಬಾವಿಯೊಳಗಿಂದ ಬಂದ ಹಾಗಿತ್ತು. "ನನಗೆ ಗೊತ್ತು. ವ್ಯಾನು ಸಿಕ್ಕಿದ ದಿನವೇ ಗೊತ್ತು. ಅದಕ್ಕೇ ಬೇಡ ಅಂದೆ. ನೀರಲ್ಲೇ ಇರಲಿ. ಹೊರಗೆ ತೆಗೆದು ನನ್ನ ಮುಂದೆ ಮಲಗಿಸಬೇಡಿ."

"ನನಗೆ ಬೇಕಲ್ಲ ಅತ್ತೆ! ನಾನು ಹೆಂಡತಿನೋ ವಿಧವೆನೋ ಅಂತ ನನಗೆ ಗೊತ್ತಾಗಬೇಡ್ವಾ? ಇವರು ಇನ್ನೊಬ್ಬಳ ಜೊತೆ ಓಡಿಹೋದ್ರು ಅಂತ ಠಾಣೆಯಲ್ಲಿ ಬರೆಸಿ ಬಂದಿದ್ದೀರಲ್ಲ, ನಾಳೆ ಗುಬ್ಬಿಗೆ ಶಾಲೆಯಲ್ಲಿ ಯಾರಾದ್ರೂ ಅಂದ್ರೆ ನಾನೇನು ಹೇಳಲಿ?"

"ಓಡಿಹೋದ್ರೂ ಅವನು ಬದುಕಿದ್ದನಲ್ಲೇ" ಎಂದರು ಅತ್ತೆ. "ನನಗೆ ಅಷ್ಟೇ ಬೇಕಾಗಿತ್ತು. ಅದನ್ನೂ ನೀನು ಒಗೆದು ಹಾಕಿದೆ."

ಮಾವ ಎದ್ದು ಹೋಗಿ ಕೈ ತೊಳೆದರು. ಇಬ್ಬರ ತಟ್ಟೆಯಲ್ಲೂ ಅನ್ನ ಹಾಗೇ ಉಳಿಯಿತು.

ಅದೇ ವಾರ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಒಣಗಿಸುವ ಯಂತ್ರ ಸಾಲದೆ ಒದ್ದೆ ಬಟ್ಟೆಗಳು ಮೆಟ್ಟಿಲ ಕಂಬಿಯ ಮೇಲೆಲ್ಲ ತೂಗಾಡಿದವು, ಗಿರಾಕಿಗಳು ಮುಖ ಗಂಟು ಹಾಕಿಕೊಂಡರು. ಒಳಗಣ್ಣಿನಮ್ಮನ ಪರದೆಗಳನ್ನು ಮಾವ ಒಂದು ದಿನ ಮಡಚಿ ಕೊಟ್ಟು ಬಂದರು, ಮತ್ತೆ ಅಲ್ಲಿಂದ ಬಟ್ಟೆ ಬರಲಿಲ್ಲ. ಪೋಸ್ಟ್‌ಮಾಸ್ಟರ ಅಂಗಿಯನ್ನು ಸೊಸೆಯೇ ಅವರ ಹೆಂಡತಿಗೆ ಮುಟ್ಟಿಸಿದಳು. ಆಕೆ ಅದನ್ನು ಮೂಸಿ ನೋಡಿ, "ಒಗೆದಿಲ್ವಾ? ಒಳ್ಳೇದೇ ಮಾಡಿದೆ ತಾಯಿ" ಎಂದು ಒಳಗಿಟ್ಟುಕೊಂಡಳು.

ಸೊಸೆ ಕೊಡೆ ಹಿಡಿದು ಭಟ್ಟಿಯ ಹಿಂದೆ ಹೋಗಿ ನೋಡಿದಳು. ಗುಂಡಿಗಳ ನಡುವಿನ ದಿಬ್ಬಗಳು ಕುಸಿದು ಎಲ್ಲ ಸೇರಿ ಒಂದೇ ಕೆರೆಯಾಗಿತ್ತು. ದಂಡೆ ಎಲ್ಲಿ, ತಳ ಎಲ್ಲಿ ಎಂದು ತಿಳಿಯದಷ್ಟು ಕೆಂಪು ನೀರು. ಠಾಣೆಯಿಂದ ಜೊತೆಗೆ ಬಂದಿದ್ದ ಪೊಲೀಸಿನವನು, "ಇದಕ್ಕೆ ಇನ್ಯಾವ ಪಂಪು ಸಾಲುತ್ತೆ ಅಕ್ಕಾ? ಏನೇ ಇದ್ದರೂ ಮಣ್ಣು ಕುಸಿದು ಒಳಗೆ ಹೋಗಿರುತ್ತೆ" ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ಅವಳು ಬಹಳ ಹೊತ್ತು ನಿಂತಳು. ಗಂಡನನ್ನು ಕೂಗಿ ಕರೆಯಬೇಕು ಅನ್ನಿಸಿತು, ಪೊಲೀಸಿನವನ ಎದುರಿಗೆ ನಾಚಿಕೆಯಾಗಿ ಕರೆಯಲಿಲ್ಲ.

ಅತ್ತೆ ಮತ್ತೆ ಊಟ ಬಿಟ್ಟರು. ಈ ಸಲ ತಟ್ಟೆಯ ಮುಂದೆ ಕೂರುವುದನ್ನೂ ಬಿಟ್ಟರು. ಗೋಡೆಗೆ ಮುಖ ಮಾಡಿ ಮಲಗಿದವರನ್ನು ಡಾಕ್ಟರು ನೋಡಿ, ರೋಗ ಏನೂ ಇಲ್ಲ, ತಿನ್ನಿಸಿ ಎಂದು ಹೋದರು. ತಿನ್ನಿಸಿ ಅನ್ನುವುದು ಸುಲಭ. ಸೊಸೆ ಗಂಜಿ ಮಾಡಿದಳು, ಹಣ್ಣು ಕಿವುಚಿದಳು, ಕಾಲು ಹಿಡಿದಳು. ತಾನು ಹೇಳಿದ್ದು ನಿಜವೇ ಆಗಿತ್ತು. ಆ ನಿಜದಿಂದ ಗಂಡನೂ ಸಿಗಲಿಲ್ಲ, ಈಗ ಅತ್ತೆಯೂ ಕೈತಪ್ಪುತ್ತಿದ್ದಾರೆ. ಅವಳಿಗೆ ತನ್ನ ನಾಲಗೆಯ ಮೇಲೇ ಸಿಟ್ಟು ಬಂತು.

ಒಂದು ಭಾನುವಾರ ಮಾವ ಅತ್ತೆಯನ್ನು ಎಬ್ಬಿಸಿ ಊಟದ ಮೇಜಿಗೆ ತಂದು ಕೂರಿಸಿದರು. ಗುಬ್ಬಿ ಆಗಲೇ ಅರ್ಧ ಉಂಡಿದ್ದಳು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಅತ್ತೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. ಸೊಸೆ ಅದನ್ನು ಮತ್ತೆ ಅವರ ಮುಂದೆ ಎಳೆದು, ತಾನೇ ಅಂದುಕೊಂಡಿರದ ಮಾತನ್ನು ಆಡಿಬಿಟ್ಟಳು.

"ಬೆಳಿಗ್ಗೆ ಹೋಟೆಲಿನ ಡ್ರೈವರು ಬಂದಿದ್ದ ಅತ್ತೆ. ಸಮುದ್ರದ ಕಡೆ ಊರಲ್ಲಿ ಇವರ ಹಾಗೇ ಒಬ್ಬರನ್ನ ಕಂಡನಂತೆ."

ಮಾವ ನೀರಿನ ಲೋಟ ಎತ್ತಿದವರು ಹಾಗೇ ಹಿಡಿದುಕೊಂಡರು. ಅತ್ತೆ ನಿಧಾನವಾಗಿ ಸೊಸೆಯ ಕಡೆ ತಿರುಗಿದರು.

"ಯಾವಾಗ?"

"ಹೋದ ವಾರ."

"ಏನು ಮಾಡ್ತಿದ್ದನಂತೆ?"

"ಬಂದರಿನಲ್ಲಿ... ಲಾರಿಗೆ ಮೂಟೆ ಹೇರ್ತಿದ್ರಂತೆ."

"ಸೊರಗಿದ್ದನಾ?"

"ಸ್ವಲ್ಪ. ಆದರೆ ಚೆನ್ನಾಗೇ ಇದ್ರಂತೆ."

ಅತ್ತೆಯ ಕೈ ಅನ್ನದವರೆಗೆ ಹೋಯಿತು. ಸೊಸೆ ಅವರ ಮುಖವನ್ನೇ ನೋಡುತ್ತಿದ್ದಳು. ಎಲ್ಲಿ ಕಣ್ಣು ಅರಳುತ್ತದೋ ಅತ್ತ ಮಾತು ತಿರುಗಿಸುತ್ತಿದ್ದಳು. ಆ ಊದಿದ ಕಾಲಿನ ಹೆಂಗಸು ತನ್ನ ಕೋಣೆಯಲ್ಲಿ ಮಾಡುತ್ತಿದ್ದ ಕೆಲಸ ಇದೇ ಎಂದು ಅವಳಿಗೆ ಈಗ ತಿಳಿಯಿತು.

"ಡ್ರೈವರು ಮಾತಾಡಿಸಿದನಂತಾ? ಏನಂದನಂತೆ ನನ್ನ ಮಗ?"

ಸೊಸೆ ಬಾಯಿ ತೆರೆದಳು. ಏನಂದಿರಬಹುದು? ಅವನ ಧ್ವನಿಯನ್ನು ನೆನಪಿಸಿಕೊಳ್ಳಲು ನೋಡಿದಳು. ಬರಲಿಲ್ಲ. ಎಷ್ಟು ತಡಕಾಡಿದರೂ ಬರಲಿಲ್ಲ. ಅವಳ ಕಣ್ಣಿನಿಂದ ನೀರು ಸುರಿಯತೊಡಗಿತು.

ಅತ್ತೆ ಅವಳನ್ನೇ ನೋಡಿದರು. ಸಿಟ್ಟೇನೂ ಇರಲಿಲ್ಲ.

"ಬಿಡು. ನಿನಗೆ ಬರಲ್ಲ" ಎಂದರು. "ಅವಳು ಚೆನ್ನಾಗಿ ಹೇಳ್ತಿದ್ದಳು."

ಎದ್ದು ಸೊಸೆಯ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಗೋಡೆ ಹಿಡಿದುಕೊಂಡು ತಮ್ಮ ಹಾಸಿಗೆಯ ಕಡೆ ನಡೆದರು. ಬಾಗಿಲಲ್ಲಿ ನಿಂತು ಧ್ವನಿ ತಗ್ಗಿಸಿ, "ಗುಬ್ಬಿಯ ಮುಂದೆ ಇಂಥದ್ದು ಆಡಬೇಡ. ಅದು ನಂಬಿಬಿಡುತ್ತೆ" ಎಂದರು.

ಸೊಸೆ ಆಗ ತಿರುಗಿ ನೋಡಿದಳು. ಗುಬ್ಬಿಯ ಕುರ್ಚಿ ಖಾಲಿಯಿತ್ತು. ಒಳಗಿನ ಕೋಣೆಯಲ್ಲಿ ಏನೋ ಎಳೆದಾಡುವ ಸದ್ದು. ಹೋಗಿ ನೋಡಿದರೆ ಹುಡುಗಿ ಮಂಚದ ಮೇಲಿನ ಹಳೆಯ ಚಾದರವನ್ನು ಕಿತ್ತು ಕೆಳಗೆ ಹಾಕಿ, ಬೀರುವಿನಿಂದ ಮಡಿ ಚಾದರ ತೆಗೆದು ಅಪ್ಪ ಮಲಗುವ ಕಡೆಗೆ ಹಾಸುತ್ತಿದ್ದಳು. ಮೂಲೆಯವರೆಗೆ ಅವಳ ಕೈ ಎಟುಕುತ್ತಿರಲಿಲ್ಲ.

"ಅಮ್ಮಾ, ಆ ಕಡೆ ಹಿಡ್ಕೋ" ಎಂದಳು.

ಸೊಸೆ ಹೋಗಿ ಆ ಕಡೆಯ ಮೂಲೆ ಹಿಡಿದಳು.